ನಿಧಾನ ನಾಡಿಯ ಲೆಕ್ಕ

(ಮುಂಬಯಿ ಮ್ಯಾರಥಾನ್ ಮುಗಿದ ಮರುವಾರ, ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆಯೂ ಕೊನೆಯಲ್ಲೂ ಸಭಿಕರು ಕೇಳಿದ್ದನ್ನು ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಮಾತು ಶುರು ಮಾಡುವ ಮುನ್ನ ನಿಮಗೊಂದು ಕೆಲಸ ಕೊಡುತ್ತೇನೆ. ಎಡಗೈಯನ್ನು ಅಂಗೈ ಮೇಲಾಗಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಹೆಬ್ಬೆರಳಿನ ಬುಡದಿಂದ ಎರಡು ಬೆರಳು ಕೆಳಗೆ, ಮಣಿಕಟ್ಟಿನ ಅಂಚಿನಲ್ಲಿ, ಬಲಗೈಯ ಎರಡು ಬೆರಳುಗಳನ್ನು ಹಗುರವಾಗಿ ಊರಿ. ಹೆಬ್ಬೆರಳನ್ನು ಬಳಸಬೇಡಿ. ಅದಕ್ಕೆ ತನ್ನದೇ ಮಿಡಿತವಿದೆ, ಯಾವುದನ್ನು ಎಣಿಸುತ್ತಿದ್ದೇವೆಂದೇ ತಿಳಿಯುವುದಿಲ್ಲ. ಸಿಕ್ಕಿತೇ? ಸಿಗದವರು ಪಕ್ಕದವರ ನೆರವು ಕೇಳಿ. ಈಗ 30 ಸೆಕೆಂಡು ಎಣಿಸಿ, ಬಂದದ್ದನ್ನು ಇಮ್ಮಡಿ ಮಾಡಿ.

ಆ ಅರ್ಧ ನಿಮಿಷ ಸಭಾಂಗಣದಲ್ಲಿ ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಮ್ಮ ಸಭೆಗಳಲ್ಲಿ ಇಷ್ಟು ಮೌನ ಸಂತಾಪ ಸೂಚನೆಗೆ ಮಾತ್ರ ಸಿಗುವುದು. ಆಮೇಲೆ ಅಂಕಿಗಳು ಹರಾಜಿನಂತೆ ಬಂದವು. 74, 82, 68, 90. ತೊಂಬತ್ತು ಎಂದವರು ವಡಾಲಾದಿಂದ ಆಟೊ, ಟ್ಯಾಕ್ಸಿ ಯಾವುದೂ ಸಿಗದೆ ನಡೆದುಕೊಂಡು ಬಂದು ಆಗಷ್ಟೇ ಕುಳಿತಿದ್ದರು. ಮೂರನೆಯ ಸಾಲಿನಲ್ಲಿದ್ದ ಯುವಕ ಕೈಗಡಿಯಾರ ಎತ್ತಿ ತೋರಿಸಿ, "ಈಗ 54 ಇದೆ ಸರ್, ಬೆಳಿಗ್ಗೆ ಎದ್ದಾಗ 41 ಇತ್ತು" ಎಂದ. ಹಿಂದಿನ ಭಾನುವಾರ ಪೂರ್ತಿ 42 ಕಿಲೋಮೀಟರ್ ಓಡಿದವನು. ಎಲ್ಲರೂ ತಿರುಗಿ ನೋಡಿದರು. ಅಷ್ಟರಲ್ಲಿ ಕೊನೆಯ ಸಾಲಿನಿಂದ, ಬಿಳಿ ಅಂಗಿಯ ಹಿರಿಯರೊಬ್ಬರು ಸಂಕೋಚದಿಂದ ಹೇಳಿದರು: "ನನ್ನದು 52."

"ನೀವೂ ಓಡುತ್ತೀರಾ?"

"ಲೋಕಲ್ ಹಿಡಿಯಲು ಬಿಟ್ಟರೆ ಯಾವತ್ತೂ ಓಡಿದವನಲ್ಲ. ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ 40 ವರ್ಷ ಕೆಲಸ ಮಾಡಿದೆ. ಅಡುಗೆಮನೆ ಮೇಲೆ, ಗಿರಾಕಿಗಳು ಕೆಳಗೆ."

ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆ ಚಪ್ಪಾಳೆಯ ವಿಚಾರಕ್ಕೆ ಕೊನೆಯಲ್ಲಿ ಮತ್ತೆ ಬರಬೇಕಾಗುತ್ತದೆ.

ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100 ಇರಬೇಕೆಂದು ನಮ್ಮ ವೈದ್ಯಪಠ್ಯ ಹೇಳುತ್ತದೆ. 60ಕ್ಕಿಂತ ಇಳಿದರೆ ಅದಕ್ಕೆ ಬ್ರಾಡಿಕಾರ್ಡಿಯಾ ಎಂಬ ಗ್ರೀಕ್ ಹೆಸರು. ನಾನು ಹೌಸ್‌ಮನ್, ಅಂದರೆ ಆಸ್ಪತ್ರೆಯ ಕಿರಿಯ ವೈದ್ಯ, ಆಗಿದ್ದ ಕಾಲದಲ್ಲಿ ಈ ಹೆಸರನ್ನು ಚೆನ್ನಾಗಿ ಬಾಯಿಪಾಠ ಮಾಡಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ವಾರ್ಡಿನ ಸಿಸ್ಟರ್ ಬಂದು ಎಬ್ಬಿಸಿದರು: "ಹದಿನಾಲ್ಕನೆಯ ಹಾಸಿಗೆಯ ನಾಡಿ 38." ಕಾಲಿನ ಎಲುಬು ಮುರಿದು ಸೇರಿದ್ದ ಹುಡುಗ, ವಯಸ್ಸು 22. ಸೊಳ್ಳೆಪರದೆಯೊಳಗೆ ಹಾಯಾಗಿ ನಿದ್ದೆ ಮಾಡುತ್ತಿದ್ದ. ರಕ್ತದೊತ್ತಡ ಸರಿಯಿತ್ತು, ಕೈಕಾಲು ಬೆಚ್ಚಗಿದ್ದವು. ಆದರೆ ನನ್ನ ತಲೆಯಲ್ಲಿ 38 ಒಂದೇ ಕುಣಿಯುತ್ತಿತ್ತು. ನಾಡಿ ಏರಿಸುವ ಔಷಧ ಅಟ್ರೋಪಿನ್ ಅನ್ನು ಸಿರಿಂಜಿಗೆ ಎಳೆದುಕೊಂಡೆ. ಹುಡುಗ ಕಣ್ಣು ಬಿಟ್ಟು ನನ್ನನ್ನೂ ಸೂಜಿಯನ್ನೂ ನೋಡಿದ ಕ್ಷಣಕ್ಕೇ ನಾಡಿ 50 ಆಯಿತು. ಅದರಲ್ಲೇ ಉತ್ತರವಿತ್ತು, ನನಗೆ ಕಾಣಲಿಲ್ಲ.

ಆ ಹೊತ್ತಿಗೆ ನಮ್ಮ ಹಿರಿಯ ವೈದ್ಯರು ಬಂದರು. ಬೈಯುವ ಸ್ವಭಾವದವರಲ್ಲ, ಅದೇ ಹೆದರಿಕೆ. "ಇವನು ಏನು ಕೆಲಸ ಮಾಡುತ್ತಾನೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಮೊದಲು ಕೇಳು." ಹುಡುಗನನ್ನು ಕೇಳಿದರೆ ಬೆಳಗಾವಿ ಕಡೆಯವನು, ರೈಲ್ವೆಯ ತಂಡಕ್ಕೆ 10,000 ಮೀಟರ್ ಓಡುವವನು! ಮಲಗಿದಲ್ಲೇ ಎರಡೂ ಕೈಗಳನ್ನು ಮೇಲೆ ಕೆಳಗೆ ಮೂವತ್ತು ಸಲ ಆಡಿಸು ಎಂದರು. ನಾಡಿ 70 ದಾಟಿತು, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ನಲವತ್ತರ ಆಸುಪಾಸಿಗೆ ಇಳಿಯಿತು. "ಬೇಕೆಂದಾಗ ಏರುವ ನಾಡಿಗೆ ನಿನ್ನ ಸೂಜಿ ಯಾಕೆ? ಹೋಗಿ ಮಲಗಿಕೋ." ಸಿರಿಂಜನ್ನು ಬೇಸಿನ್ನಿಗೆ ಖಾಲಿ ಮಾಡಿದ್ದು ನೆನಪಿದೆ.

ಈಗ ಆ 38ರ ಒಳಗೆ ಇಣುಕೋಣ. ಕುಳಿತಿರುವ ನಮಗೆಲ್ಲ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು, ಓಡುವವನಿಗಾಗಲಿ ಓಡದವನಿಗಾಗಲಿ. ಓಡದವನ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ದೂಡುತ್ತದೆ, ಒಂದು ಸಣ್ಣ ಕಟಿಂಗ್ ಚಹದ ಲೋಟದಷ್ಟು. 70 ಸಲ ದೂಡಿದರೆ 5 ಲೀಟರ್. ವರ್ಷಗಟ್ಟಲೆ ದೂರ ಓಡಿದವನ ಹೃದಯದ ಎಡ ಕೋಣೆ ಹಿಗ್ಗಿರುತ್ತದೆ, ಗೋಡೆ ಗಟ್ಟಿಯಾಗಿರುತ್ತದೆ, ಮೈಯಲ್ಲಿ ರಕ್ತದ ಪ್ರಮಾಣವೇ ಹೆಚ್ಚಿರುತ್ತದೆ. ಒಂದು ಬಡಿತಕ್ಕೆ 120 ಮಿಲಿಲೀಟರ್ ಹೊರಟಿತು ಎನ್ನಿ, 5 ಲೀಟರಿಗೆ 42 ಬಡಿತ ಸಾಕು. ಹೋಟೆಲಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೊಂದೇ ತಟ್ಟೆ ಒಯ್ಯುವ ಹೊಸ ಹುಡುಗ ಇಪ್ಪತ್ತು ಸಲ ಓಡಾಡುತ್ತಾನೆ, ತೋಳಿನ ಉದ್ದಕ್ಕೂ ತಟ್ಟೆ ಜೋಡಿಸಿಕೊಳ್ಳುವ ಹಳಬ ನಾಲ್ಕೇ ಸಲ. ಗಿರಾಕಿಗೆ ಬಂದ ಇಡ್ಲಿ ಅಷ್ಟೇ.

ಇದರ ನಿಜವಾದ ಲಾಭ ಕುಳಿತಾಗ ಕಾಣುವುದಿಲ್ಲ. ಪೆಡ್ಡರ್ ರಸ್ತೆಯ ಏರು ಬಂದಾಗ ಕಾಣುತ್ತದೆ. ಒಂದೇ ವಯಸ್ಸಿನ ಇಬ್ಬರ ನಾಡಿ ಏರಬಹುದಾದ ತುದಿ ಹೆಚ್ಚುಕಡಿಮೆ ಒಂದೇ. ಅಭ್ಯಾಸದಿಂದ ಆ ತುದಿ ಏರುವುದಿಲ್ಲ, ಇಳಿಯುವುದು ತಳ ಮಾತ್ರ. ತುದಿಯಲ್ಲಿ ಸಾಧಾರಣ ಮನುಷ್ಯನ ಹೃದಯ ನಿಮಿಷಕ್ಕೆ 20 ಲೀಟರ್ ಆಸುಪಾಸು ದೂಡಿದರೆ, ಅಂತರರಾಷ್ಟ್ರೀಯ ಮಟ್ಟದ ಓಟಗಾರನದು 35 ದಾಟಬಲ್ಲದು. ಬಡಿತ ಅಷ್ಟೇ, ಬಡಿತದ ಹೊರೆ ಬೇರೆ. ಬೆಳಗಿನ 41 ಆ ಹೊರೆಯ ನೆರಳು. ನೆರಳನ್ನು ನೋಡಿ ಆಳನ್ನು ಅಳೆಯುವಾಗ ಎಚ್ಚರಿಕೆ ಬೇಕು, ಸೂರ್ಯ ಎಲ್ಲಿದ್ದಾನೆಂದು ನೋಡಿಕೊಳ್ಳಬೇಕು.

ಇನ್ನೊಂದು ಸಂಗತಿ ನನಗೆ ಯಾವತ್ತೂ ಸೋಜಿಗ. ಹೃದಯದ ಸ್ನಾಯುವಿಗೂ ರಕ್ತ ಬೇಕಲ್ಲ? ಹಿಂಡುವಾಗ ಅದು ತನ್ನ ರಕ್ತನಾಳಗಳನ್ನೇ ಹಿಸುಕಿಕೊಳ್ಳುತ್ತದೆ. ಎಡ ಕೋಣೆಯ ಗೋಡೆಗೆ ರಕ್ತ ಹರಿಯುವುದು ಹೆಚ್ಚಾಗಿ ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ನಾಡಿ 70 ಇದ್ದರೆ ಆ ಬಿಡುವು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. 40 ಇದ್ದರೆ ಒಂದು ಸೆಕೆಂಡಿಗೂ ಹೆಚ್ಚು. ಊರಿಗೆಲ್ಲ ಬಡಿಸಿದವನು ತಾನು ಕುಳಿತು ಉಣ್ಣುವ ಹೊತ್ತು ಅದು.

"ಹಾಗಾದರೆ ಓಡಿ ಓಡಿ ಬಡಿತಗಳು ಬೇಗ ಖರ್ಚಾಗುವುದಿಲ್ಲವೇ?" ಎಂದು ಒಬ್ಬರು ಅಕ್ಕ ನಡುವೆಯೇ ಕೇಳಿದರು. ಮನುಷ್ಯನ ಆಯುಷ್ಯವನ್ನು ಉಸಿರಿನ ಲೆಕ್ಕದಲ್ಲಿ ಬರೆದಿರುತ್ತದೆ ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟಲ್ಲ, ಅದರ ಎಳೆ ಹಿಡಿದು ಕೇಳಿದ್ದು. ಲೆಕ್ಕ ಹಾಕೋಣ. 70ರ ನಾಡಿಯವನು ದಿನವಿಡೀ ಕುಳಿತೇ ಇದ್ದರೂ 1,00,800 ಬಡಿತ. 45ರ ನಾಡಿಯವನು ಒಂದು ಗಂಟೆ 150ರಲ್ಲಿ ಓಡಿ, ಉಳಿದ 23 ಗಂಟೆ ತನ್ನ ಪಾಡಿಗಿದ್ದರೆ 71,100. ಓಡಿದವನದೇ ಸುಮಾರು 30,000 ಉಳಿತಾಯ. ಬ್ಯಾಂಕಿನಲ್ಲಿ ಇಟ್ಟಂತೆ ಅದಕ್ಕೆ ಬಡ್ಡಿ ಬರುತ್ತದೆಂದು ನಾನು ಹೇಳುವುದಿಲ್ಲ. ಖರ್ಚಿನ ಭಯ ಮಾತ್ರ ಬೇಡ.

ಬಡಿತವನ್ನು ಇಳಿಸುವವರು ಯಾರು? ಹೃದಯದ ಬಲ ಮೇಲಿನ ಕೋಣೆಯಲ್ಲಿ ಒಂದು ಪುಟ್ಟ ಗಂಟು ಇದೆ, ತಾಳ ಹಾಕುವುದು ಅದು. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಅದನ್ನು ಕಂಡುಹಿಡಿದರು. ಯಾರ ಹಂಗೂ ಇಲ್ಲದೆ ಬಿಟ್ಟರೆ ಅದರ ತಾಳ ನಿಮಿಷಕ್ಕೆ 100ರ ಹತ್ತಿರ. ಇದಕ್ಕೆ ಸಾಕ್ಷಿ ಕಸಿ ಮಾಡಿದ ಹೃದಯ. ಇಲ್ಲಿಂದ ಹೆಚ್ಚು ದೂರವಿಲ್ಲದ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ 1968ರ ಫೆಬ್ರುವರಿಯಲ್ಲಿ ಡಾ. ಪಿ. ಕೆ. ಸೇನ್ ಭಾರತದ ಮೊದಲ ಹೃದಯ ಕಸಿ ಮಾಡಿದರು, ರೋಗಿ ಕೆಲವೇ ಗಂಟೆ ಬದುಕಿದ. ಈಗ ಕಸಿಯಾದವರು ವರ್ಷಗಟ್ಟಲೆ ಬದುಕುತ್ತಾರೆ. ನರಗಳ ಸಂಪರ್ಕ ಕಡಿದುಹೋದ ಅವರ ಹೃದಯ ಸುಮ್ಮನೆ ಕುಳಿತಾಗಲೂ 90, 100ರಲ್ಲಿ ಬಡಿಯುತ್ತದೆ. ನಮ್ಮ ನಿಮ್ಮದು 70ಕ್ಕೆ ಇಳಿದಿರುವುದು ವೇಗಸ್ ಎಂಬ ನರ ಸದಾ ಕಡಿವಾಣ ಎಳೆದಿಟ್ಟುಕೊಂಡಿರುವುದರಿಂದ. ಆ ನರ ರಾಸಾಯನಿಕವೊಂದನ್ನು ಸುರಿಸಿ ಹೃದಯವನ್ನು ತಣಿಸುತ್ತದೆ ಎಂಬುದನ್ನು 1921ರಲ್ಲಿ ಆಟೊ ಲೋವಿ ಎರಡು ಕಪ್ಪೆಯ ಹೃದಯಗಳಿಂದ ತೋರಿಸಿದ. ಪ್ರಯೋಗದ ಉಪಾಯ ಹೊಳೆದದ್ದು ಕನಸಿನಲ್ಲಿ ಎಂದು ಅವನೇ ಹೇಳಿಕೊಂಡಿದ್ದಾನೆ. 1936ರಲ್ಲಿ ನೊಬೆಲ್ ಬಂತು. ಕನಸು ಕಂಡು ಎದ್ದು ಕಪ್ಪೆ ಹಿಡಿದವರಿಗೆ ಸಿಗುವ ಬಹುಮಾನ ಅದು.

ಓಡುವವರಲ್ಲಿ ಕಡಿವಾಣ ಬಿಗಿಯಾಗುತ್ತದೆ, ಅಷ್ಟೇ ಸಂಗತಿ ಎಂದು ನಮಗೆ ಕಲಿಸಿದ್ದರು. ಅಷ್ಟೇ ಅಲ್ಲವೆಂದು ಕಾಣುತ್ತದೆ. ನರದ ಪ್ರಭಾವವನ್ನು ಔಷಧದಿಂದ ತಡೆದು ನೋಡಿದರೂ ಪಳಗಿದ ಓಟಗಾರರ ನಾಡಿ ಉಳಿದವರಿಗಿಂತ ನಿಧಾನ. ಮ್ಯಾಂಚೆಸ್ಟರಿನ ಸಂಶೋಧಕರು 2014ರಲ್ಲಿ ಇಲಿಗಳಲ್ಲಿ ತೋರಿಸಿದ್ದೇನೆಂದರೆ, ವ್ಯಾಯಾಮದಿಂದ ಆ ಗಂಟಿನ ಜೀವಕೋಶಗಳೇ ಬದಲಾಗುತ್ತವೆ, ಅಯಾನುಗಳೆಂಬ ವಿದ್ಯುತ್ ಕಣಗಳನ್ನು ಒಳಬಿಟ್ಟು ತಾಳ ಹುಟ್ಟಿಸುವ ಒಂದು ಬಗೆಯ ಬಾಗಿಲುಗಳು ಕಡಿಮೆಯಾಗುತ್ತವೆ. ಅಂದರೆ ಸವಾರ ಕಡಿವಾಣ ಎಳೆಯುವುದಷ್ಟೇ ಅಲ್ಲದೆ ಕುದುರೆಯೂ ಪಳಗುತ್ತದೆ. ಎರಡರಲ್ಲಿ ಯಾವುದರ ಪಾಲು ಎಷ್ಟು ಎಂಬ ಜಗಳ ಪ್ರಯೋಗಶಾಲೆಗಳಲ್ಲಿ ನಡೆಯುತ್ತಲೇ ಇದೆ.

ದೊಡ್ಡ, ನಿಧಾನ ಹೃದಯವನ್ನು ಕಂಡು ಹೆದರಿದ್ದು ನಾನೊಬ್ಬನೇ ಅಲ್ಲ. 1899ರಲ್ಲಿ ಸ್ವೀಡನ್ನಿನ ಹೆನ್ಶೆನ್ ಹಿಮಜಾರಾಟದ ಸ್ಪರ್ಧಿಗಳ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಹಲಸಿನ ಹಣ್ಣನ್ನು ನಾವು ತಟ್ಟಿ ನೋಡುತ್ತೇವಲ್ಲ, ಹಾಗೆ. ಸದ್ದಿನಲ್ಲೇ ಹೃದಯದ ಅಂಚು ಗುರುತಿಸಿ, ಇವರ ಹೃದಯ ದೊಡ್ಡದಾಗಿದೆ, ಹೆಚ್ಚು ದುಡಿಯಬಲ್ಲದು ಎಂದ. ಅವನು ಹೊಗಳಿದ್ದನ್ನು ಮುಂದಿನವರು ಕಾಯಿಲೆ ಎಂದು ಓದಿಕೊಂಡರು. ಅದರ ಬಿಸಿ ತಟ್ಟಿದ್ದು ಅಮೆರಿಕದ ಓಟಗಾರ ಕ್ಲಾರೆನ್ಸ್ ಡಿಮಾರ್‌ಗೆ. ಹೃದಯದಲ್ಲಿ ಮರ್ಮರ ಸದ್ದಿದೆ, ಓಟ ಬಿಡು ಎಂದು ವೈದ್ಯರು ಹೇಳಿದ್ದರು. ಅವನು ಅದೇ 1911ರಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದ. ಆಮೇಲೆ ಹಲವು ವರ್ಷ ಹೆಚ್ಚಾಗಿ ಅಲ್ಲಿಂದ ದೂರ ಉಳಿದು, ಮರಳಿ ಬಂದು 1922ರಿಂದ 1930ರೊಳಗೆ ಇನ್ನೂ ಆರು ಸಲ ಗೆದ್ದ! ಅರವತ್ತು ದಾಟಿದ ಮೇಲೂ ಓಡಿದ. 1958ರಲ್ಲಿ ಸತ್ತದ್ದು ಕ್ಯಾನ್ಸರಿನಿಂದ. ಶವಪರೀಕ್ಷೆ ಮಾಡಿದಾಗ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಸಾಮಾನ್ಯಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿದ್ದವು. ಬಿಡು ಎಂದು ಹೇಳಿದ ವೈದ್ಯರ ಬಗ್ಗೆ ನನಗೆ ಕನಿಕರವಿದೆ. ಅವರ ಕೈಯಲ್ಲಿ ಸಿರಿಂಜು ಇರಲಿಲ್ಲ ಎಂಬುದೊಂದೇ ಸಮಾಧಾನ.

ಇನ್ನು ಮುಖ್ಯ ಪ್ರಶ್ನೆ. ಓಡಿದ್ದರಿಂದ ನಾಡಿ ಇಳಿಯಿತೋ, ನಾಡಿ ಇಳಿದಿದ್ದವನು ಓಟಕ್ಕೆ ಬಂದನೋ?

ಇದಕ್ಕೊಂದು ಬಸ್ಸಿನ ಕಥೆಯಿದೆ. ನಮ್ಮ ಬೆಸ್ಟ್‌ನ ಹಳೆಯ ಎರಡಂತಸ್ತಿನ ಕೆಂಪು ಬಸ್ಸು ನೆನಪಿದೆಯಲ್ಲ? ಅದರ ಅಣ್ಣಂದಿರು ಲಂಡನ್ನಿನಲ್ಲಿದ್ದವು. ಡ್ರೈವರ್ ದಿನವಿಡೀ ಕುಳಿತೇ ಇರುತ್ತಾನೆ, ಕಂಡಕ್ಟರ್ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಜೆರ್ರಿ ಮಾರಿಸ್ ಎಂಬ ವೈದ್ಯ 1953ರಲ್ಲಿ ಸಾವಿರಾರು ನೌಕರರ ದಾಖಲೆ ನೋಡಿ, ಕಂಡಕ್ಟರರಿಗೆ ಹೃದಯಾಘಾತ ಕಡಿಮೆ, ಬಂದರೂ ತಡವಾಗಿ ಬರುತ್ತದೆ ಎಂದು ಪ್ರಕಟಿಸಿದ. ವ್ಯಾಯಾಮದ ಮಹಿಮೆ ಸಾರುವವರು ಇಲ್ಲಿಗೇ ಕಥೆ ನಿಲ್ಲಿಸುತ್ತಾರೆ. ಮಾರಿಸ್ ಪ್ರಾಮಾಣಿಕ, ನಿಲ್ಲಿಸಲಿಲ್ಲ. ಮೂರು ವರ್ಷದ ನಂತರ ಸಮವಸ್ತ್ರದ ಅಳತೆಗಳ ಲೆಕ್ಕ ತೆಗೆದ. ಡ್ರೈವರುಗಳ ಪ್ಯಾಂಟಿನ ಸೊಂಟ ಎಳೆಯ ವಯಸ್ಸಿನಲ್ಲೇ ಕಂಡಕ್ಟರರಿಗಿಂತ ದಪ್ಪ! ಕುಳಿತು ದಪ್ಪಗಾದರೋ, ದಪ್ಪಗಿದ್ದವರು ಕೂರುವ ಕೆಲಸಕ್ಕೆ ಬಂದರೋ? ಮೆಟ್ಟಿಲಿಗೆ ಸಲ್ಲಬೇಕಾದ ಶ್ರೇಯದಲ್ಲಿ ದರ್ಜಿಯ ಟೇಪು ಸ್ವಲ್ಪ ಕತ್ತರಿಸಿಕೊಂಡಿತು. ಮೆಟ್ಟಿಲು ಹತ್ತುವುದು ಒಳ್ಳೆಯದೇ ಎಂದು ಮುಂದೆ ಬೇರೆ ಅಧ್ಯಯನಗಳು ತೋರಿಸಿದವು, ಅದು ಬೇರೆ ಮಾತು.

ನಾಡಿಯ ವಿಷಯದಲ್ಲೂ ಇಂಥದೇ ಟೇಪು ಹಿಡಿದವರಿದ್ದಾರೆ. 1990ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಹೆರಿಟೇಜ್ ಎಂಬ ಅಧ್ಯಯನ ನಡೆಯಿತು. ವ್ಯಾಯಾಮದ ಗಂಧವಿಲ್ಲದ 700ಕ್ಕೂ ಹೆಚ್ಚು ಜನರನ್ನು, ತಂದೆ ತಾಯಿ ಮಕ್ಕಳು ಸಮೇತ ಕುಟುಂಬವಾಗಿ ಆರಿಸಿ, ವಾರಕ್ಕೆ ಮೂರು ದಿನದಂತೆ 20 ವಾರ ನಿಂತ ಸೈಕಲ್ ತುಳಿಸಿದರು. ಆಮ್ಲಜನಕ ಬಳಸುವ ಸಾಮರ್ಥ್ಯ ಸರಾಸರಿ ಐದರಲ್ಲೊಂದು ಪಾಲಿನ ಹತ್ತಿರಕ್ಕೆ ಏರಿತು. ವಿಶ್ರಾಂತಿಯ ನಾಡಿ ಇಳಿದದ್ದೆಷ್ಟು? ಸರಾಸರಿ ಐದು ಬಡಿತವೂ ಇಲ್ಲ. ಅದಕ್ಕಿಂತ ದೊಡ್ಡ ಅಚ್ಚರಿ, ಒಂದೇ ಸೈಕಲ್ಲು ತುಳಿದವರಲ್ಲಿ ಕೆಲವರ ಸಾಮರ್ಥ್ಯ ಬಹಳ ಏರಿತು, ಕೆಲವರದು ಕದಲಲೇ ಇಲ್ಲ. ಯಾರದು ಎಷ್ಟು ಏರುತ್ತದೆಂಬುದು ಕುಟುಂಬ ಕುಟುಂಬವಾಗಿ ಹರಿದಿತ್ತು. ರಕ್ತ ನೀರಿಗಿಂತ ಗಟ್ಟಿ ಎಂದು ಲೆಕ್ಕವೂ ಒಪ್ಪಿಕೊಂಡಿತು.

ಆದ್ದರಿಂದ ಆರು ತಿಂಗಳು ಶಿವಾಜಿ ಪಾರ್ಕ್ ಸುತ್ತಿ 76 ಇದ್ದದ್ದು 72 ಆಯಿತಷ್ಟೇ ಎಂದು ಬೇಸರ ಪಡುವವರೇ, ನಿಮ್ಮದು ಸರಿಯಾದ ಫಸಲು. ಸ್ಪೇನಿನ ಸೈಕಲ್ ಪಟು ಮಿಗೆಲ್ ಇಂಡುರೈನ್ 1991ರಿಂದ 1995ರವರೆಗೆ ಸತತ ಐದು ಸಲ ಟೂರ್ ಡಿ ಫ್ರಾನ್ಸ್ ಗೆದ್ದವನು. ಅವನ ನಾಡಿ 28 ಎಂದು ಪತ್ರಿಕೆಗಳು ಬರೆಯುತ್ತ ಬಂದಿವೆ. ಇರಲಿ. ಆದರೆ ಅವನ ಹಿಂದೆ ಬಂದವರ ನಾಡಿಗಳು ಅಷ್ಟೇನೂ ಭಿನ್ನವಾಗಿರಲಾರವು. ಓಟದ ಅಂತಿಮ ಗೆರೆಯಲ್ಲಿ ನಾಡಿ ಎಣಿಸಿ ಪದಕ ಕೊಡುವ ಪದ್ಧತಿ ಇಲ್ಲ. ಮೂರನೆಯ ಸಾಲಿನ ಗೆಳೆಯ, ನಿನ್ನ 41ನ್ನು ನಿನ್ನ ಓಟದ ಗೆಳೆಯನ 49ರ ಪಕ್ಕ ಇಟ್ಟು ಬೀಗಬೇಡ. ನಿನ್ನದೇ ನಿನ್ನೆಯ 41ರ ಪಕ್ಕ ಇಡು.

ಹೀಗೆ ಇಟ್ಟರೆ ಏನು ಸಿಗುತ್ತದೆ ಎನ್ನುವುದಕ್ಕೆ ನನ್ನದೇ ಪೆದ್ದುತನ ಹೇಳುತ್ತೇನೆ. ಹನ್ನೆರಡು ವರ್ಷದಿಂದ ಹಾಸಿಗೆಯ ಪಕ್ಕ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಎದ್ದು ಮೂತ್ರಕ್ಕೆ ಹೋಗಿ ಬಂದು, ಮತ್ತೆ ಎರಡು ನಿಮಿಷ ಮಲಗಿ, ಕಾಫಿಗೆ ಮೊದಲು ಎಣಿಸಿ ಬರೆಯುತ್ತೇನೆ. ನನ್ನದು 56, 57. ಒಂದು ಆಗಸ್ಟಿನಲ್ಲಿ 55, 56, 56 ಎಂದು ನಡೆದಿದ್ದ ಸಾಲು ಒಂದು ಬೆಳಿಗ್ಗೆ 63 ಆಯಿತು, ಮರುದಿನ 66. ಮೈಯಲ್ಲಿ ಏನೂ ಇಲ್ಲ, ಬರೀ ಸಣ್ಣ ಆಲಸ್ಯ. ರಾತ್ರಿ ಮದುವೆ ಊಟ ಜೋರಾಗಿತ್ತು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ಮಳೆಯಲ್ಲಿ ಮರೀನ್ ಡ್ರೈವ್‌ಗೆ ಹೋಗಿ 16 ಕಿಲೋಮೀಟರ್ ಓಡಿದೆ. ಸಂಜೆ 102 ಡಿಗ್ರಿ ಜ್ವರ. ಡೆಂಗಿ. ಎರಡು ದಿನ ಮೊದಲೇ ಬಾಗಿಲು ತಟ್ಟಿದ್ದವನಿಗೆ ನಾನು ಬಾಗಿಲು ತೆರೆದಿರಲಿಲ್ಲ. ರೋಗಿಯೊಬ್ಬ ಹೀಗೆ ಮಾಡಿದ್ದರೆ ಅರ್ಧ ಗಂಟೆ ಬೈದಿರುತ್ತಿದ್ದೆ. ವೈರಸ್ ಜ್ವರ ಮೈಯಲ್ಲಿರುವಾಗ ಜೋರಾಗಿ ಓಡಿದರೆ ಹೃದಯದ ಸ್ನಾಯುವಿಗೇ ಉರಿಯೂತ ಬರುವ ಅಪಾಯ ಹೆಚ್ಚು, ಎಳೆಯ ಓಟಗಾರರು ಹಠಾತ್ತನೆ ಕುಸಿಯುವ ಕಾರಣಗಳಲ್ಲಿ ಅದೂ ಒಂದು. ನಿಮ್ಮ ಸಾಲಿನಲ್ಲಿ ಐದಾರು ಬಡಿತ ಏರಿ ಎರಡು ದಿನ ಅಲ್ಲೇ ನಿಂತರೆ ಬೂಟು ಕಟ್ಟಬೇಡಿ. ನಿದ್ದೆ ಕೆಟ್ಟಿರಬಹುದು, ನೀರು ಕಡಿಮೆಯಾಗಿರಬಹುದು, ರಾತ್ರಿ ಮದ್ಯ ಹೆಚ್ಚಾಗಿರಬಹುದು, ಹಿಂದಿನ ಓಟದ ದಣಿವು ತೀರದೆ ಇರಬಹುದು. ಯಾವುದೆಂದು ನಾಡಿ ಹೇಳುವುದಿಲ್ಲ. ಏನೋ ಇದೆ ಎಂದಷ್ಟೇ ಹೇಳುತ್ತದೆ.

ನಮ್ಮ ಊರಿನ ಹವೆಯ ಮಾತೂ ಬರಬೇಕು. ಜನವರಿಯ ನಸುಕಿನಲ್ಲಿ 140ರ ನಾಡಿಯಲ್ಲಿ ಓಡಿದ ವೇಗವನ್ನೇ ಮೇ ತಿಂಗಳಲ್ಲಿ ಓಡಿದರೆ 150 ದಾಟುತ್ತದೆ. ಫಿಟ್‌ನೆಸ್ ಕರಗಿತೆಂದು ಕೆಲವರು ಗಾಬರಿಯಾಗಿ ಬರುತ್ತಾರೆ. ಬೆವರು ಬರೀ ಸುರಿದರೆ ಮೈ ತಣಿಯುವುದಿಲ್ಲ, ಆರಬೇಕು. ಮುಂಬಯಿಯ ಗಾಳಿಗೆ ತನ್ನ ತೇವವೇ ಹೆಚ್ಚು, ನಿಮ್ಮ ಬೆವರನ್ನು ಎಲ್ಲಿ ಹೀರೀತು? ಆಗ ಶರೀರ ರಕ್ತವನ್ನು ಚರ್ಮದ ಕಡೆ ಕಳುಹಿಸುತ್ತದೆ. ಬೆವರಿನಲ್ಲಿ ನೀರೂ ಹೋಗಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಒಂದು ಬಡಿತದ ಹೊರೆ ಇಳಿಯುತ್ತದೆ, ಬಡಿತ ಏರಲೇಬೇಕು. ಅಂಥ ದಿನ ನಿಧಾನ ಓಡಿ. ಪುಣೆಯ ತಂಗಿಯ ಮನೆಗೆ ಹೋದಾಗ ಅದೇ ಓಟ ಹಗುರವೆನಿಸಿದರೆ ಅದು ತಂಗಿಯ ಕೈಯಡುಗೆಯ ಗುಣವಲ್ಲ, ಒಣಗಾಳಿಯ ಗುಣ.

ಕೈಗಡಿಯಾರಗಳ ಬಗ್ಗೆ ಎರಡೇ ಮಾತು. ಅವು ಹಸಿರು ಬೆಳಕನ್ನು ಚರ್ಮಕ್ಕೆ ಬಿಟ್ಟು, ರಕ್ತ ಎಷ್ಟು ಬೆಳಕು ನುಂಗಿತೆಂದು ನೋಡಿ ಬಡಿತ ಊಹಿಸುತ್ತವೆ. ಮಲಗಿದಾಗ ಚೆನ್ನಾಗಿ ಊಹಿಸುತ್ತವೆ. ಓಡುವಾಗ ಪಟ್ಟಿ ಸಡಿಲವಾಗಿದ್ದರೆ ಹೆಜ್ಜೆಯ ಕುಲುಕಾಟವನ್ನೇ ನಾಡಿ ಎಂದುಕೊಳ್ಳುವುದುಂಟು. ನಿಮಿಷಕ್ಕೆ 175 ಹೆಜ್ಜೆ ಹಾಕುವವನ ನಾಡಿ 175 ಎಂದು ತೋರಿಸಿದರೆ ಆಸ್ಪತ್ರೆಗೆ ಓಡಬೇಡಿ, ಬೆರಳಿಟ್ಟು ನೋಡಿ.

ಕೊನೆಗೆ ಎಚ್ಚರಿಕೆ. ನಿಧಾನ ನಾಡಿಯೆಲ್ಲ ಪದಕವಲ್ಲ. ನಾಡಿ ಕಡಿಮೆಯಿದ್ದು ತಲೆ ಸುತ್ತಿದರೆ, ಕಣ್ಣು ಕತ್ತಲೆಯಾದರೆ, ಮೆಟ್ಟಿಲೇರಿದರೂ ನಾಡಿ ಏರದಿದ್ದರೆ ವೈದ್ಯರ ಬಳಿ ಹೋಗಿ ಇಸಿಜಿ ಮಾಡಿಸಿ. ಥೈರಾಯ್ಡ್ ಕಡಿಮೆಯಾದರೂ ನಾಡಿ ಇಳಿಯುತ್ತದೆ. ಉಸಿರಿನೊಂದಿಗೆ ನಾಡಿ ತುಸು ಏರಿ ಇಳಿಯುವುದು ಸಹಜ, ಆದರೆ ತಾಳವೇ ಇಲ್ಲದೆ ಅಡ್ಡಾದಿಡ್ಡಿಯಾದರೆ ತೋರಿಸಬೇಕು. ಸ್ವೀಡನ್ನಿನಲ್ಲಿ ವಾಸಲೋಪೆಟ್ ಎಂಬ 90 ಕಿಲೋಮೀಟರಿನ ಹಿಮಜಾರಾಟವಿದೆ. ಅದರ ಐವತ್ತು ಸಾವಿರಕ್ಕೂ ಹೆಚ್ಚು ಸ್ಪರ್ಧಿಗಳ ದಾಖಲೆ ನೋಡಿದಾಗ, ಹೆಚ್ಚು ಸಲ, ಹೆಚ್ಚು ವೇಗವಾಗಿ ಮುಗಿಸಿದವರಲ್ಲೇ ಮುಂದೆ ತಾಳ ತಪ್ಪುವ ತೊಂದರೆ ಹೆಚ್ಚು ಕಂಡಿತು. ನಾವು ಯಾರೂ ಆ ಮಟ್ಟಕ್ಕೆ ಹೋಗುವವರಲ್ಲ, ಆದರೂ ಗೊತ್ತಿರಲಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ನಾಡಿಯನ್ನು ಇಳಿಸುತ್ತವೆ.

ಪ್ರಶ್ನೆಗಳಲ್ಲಿ ಮೊದಲಿನದು ಮಹಿಳೆಯೊಬ್ಬರದು. ಎಂಟು ತಿಂಗಳಿಂದ ಫೈವ್ ಗಾರ್ಡನ್ಸ್‌ನಲ್ಲಿ ಬಿಡದೆ ವೇಗವಾಗಿ ನಡೆಯುತ್ತಿದ್ದಾರೆ, ನಾಡಿ 84ರಿಂದ ಇಳಿದಿಲ್ಲ, ಏದುಸಿರೂ ಹೋಗಿಲ್ಲ. ಹಿಮೋಗ್ಲೋಬಿನ್ ಯಾವಾಗ ನೋಡಿಸಿದಿರಿ ಎಂದೆ. ಮಗಳನ್ನು ಹೆತ್ತ ಕಾಲದಲ್ಲಿ ಎಂದರು, ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಆಮ್ಲಜನಕ ಹೊರುವ ಕೂಲಿಗಳೇ ಕಡಿಮೆಯಿದ್ದರೆ ಹೃದಯ ಸರದಿಯನ್ನು ಹೆಚ್ಚಿಸದೆ ಏನು ಮಾಡೀತು? ಈ ವಾರವೇ ಪರೀಕ್ಷೆ ಮಾಡಿಸಿ, ಊಟದ ಬೆನ್ನಿಗೇ ಚಹ ಕುಡಿಯುವುದನ್ನು ಒಂದು ಗಂಟೆ ಮುಂದೆ ಹಾಕಿ, ಅದು ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ ಎಂದೆ. ಚಹದ ಮಾತಿಗೆ ಸಭೆಯಲ್ಲಿ ಸಣ್ಣ ಪ್ರತಿಭಟನೆ ಎದ್ದಿತು.

ಆಮೇಲೆ ಕೊನೆಯ ಸಾಲಿನ ಹಿರಿಯರು ಎದ್ದುನಿಂತರು. 52ರವರು. ಅಂಗಿಯ ಜೇಬಿನಿಂದ ಮಡಚಿದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು, ಸಾಲಿನಿಂದ ಸಾಲಿಗೆ ದಾಟಿಸಿ ನನ್ನವರೆಗೆ ತಲುಪಿಸಿದರು.

"ಬಿಪಿಗೆಂದು ಆರು ವರ್ಷದಿಂದ ಇದನ್ನು ನುಂಗುತ್ತಿದ್ದೇನೆ ಡಾಕ್ಟರೇ. ನೀವು ಹೇಳಿದ ಮಾತ್ರೆ ಇದೇ ಇರಬಹುದೇ?"

ಕನ್ನಡಕ ಏರಿಸಿ ಓದಿದೆ. ಮೆಟೊಪ್ರೊಲಾಲ್. ನಾಡಿ ಇಳಿಸುವ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಮೊದಲು ಕೇಳು ಎಂದು ಹೇಳಿದ್ದ ನನ್ನ ಗುರುಗಳು ಆ ಸಭೆಯಲ್ಲಿ ಇರಲಿಲ್ಲವೆಂಬುದು ನನ್ನ ಪುಣ್ಯ. ಮೂರನೆಯ ಸಾಲಿನ ಯುವಕನೇ ಮೊದಲು ನಕ್ಕವನು.

"ಹಾಗಾದರೆ ಎರಡು ದಿನ ಬಿಟ್ಟು ನನ್ನ ನಿಜವಾದ ಅಂಕಿ ಎಷ್ಟೆಂದು ನೋಡಲೇ?"

"ದಯವಿಟ್ಟು ಬೇಡ. ಇದನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ, ನಾಡಿ ಎರಡೂ ಎಗರಿ ಅಪಾಯವಾಗುತ್ತದೆ. ನಿಮ್ಮ ವೈದ್ಯರು ಹೇಳುವವರೆಗೆ ಒಂದು ದಿನವೂ ತಪ್ಪಿಸಬೇಡಿ."

ಪಟ್ಟಿ ಬಂದ ದಾರಿಯಲ್ಲೇ ಕೈಯಿಂದ ಕೈಗೆ ಹಿಂದೆ ಹೋಯಿತು. ಅವರು ಅದನ್ನು ಜೇಬಿಗೆ ಸೇರಿಸಿ, ಕುಳಿತುಕೊಳ್ಳುವ ಮುನ್ನ ಕೇಳಿದರು: "ಮೊದಲು ತಟ್ಟಿದ ಚಪ್ಪಾಳೆಯನ್ನು ವಾಪಸು ಕೊಡಬೇಕೇ?"

ನಾನು ಉತ್ತರ ಹುಡುಕುತ್ತಿರುವಾಗ ಕಾರ್ಯದರ್ಶಿಗಳು ಮೈಕ್ ತೆಗೆದುಕೊಂಡು, ಕೆಳಗೆ ಕಾಫಿ ತಯಾರಿದೆ, ಲಿಫ್ಟ್ ಕೆಟ್ಟಿದೆ, ಎಲ್ಲರೂ ಮೆಟ್ಟಿಲಿನಲ್ಲೇ ಇಳಿಯಬೇಕು ಎಂದು ಪ್ರಕಟಿಸಿದರು.